ಕೇಳ್ರಿ ಮಾಸ್ತರ: ಮೊದಲು ಬಂದವರಿಗೆ ಕಪ್ ಯಾಕಿಲ್ಲ?

ಪ್ರಶ್ನೆ: ಮಾಸ್ತರಿಗೆ ನಮಸ್ಕಾರ. 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿತ್ತು. ಕಪ್ ಮಾತ್ರ ಚೆನ್ನೈಗೆ ಹೋಯಿತು. ತಿಂಗಳುಗಟ್ಟಲೆ ಮೆಣಸಿನಕಾಯಿ ಬೆಳೆದು, ಮಾರ್ಕೆಟ್‌ಗೆ ಒಯ್ದ ದಿನವೇ ದರ ಬಿದ್ದಂಗಾತು. ಇದು ಸರೀನಾ?
(ಒಬ್ಬ ಓದುಗ, ಬ್ಯಾಡಗಿ)

ಉತ್ತರ: ಬ್ಯಾಡಗಿಯಿಂದ ಬಂದ ಪ್ರಶ್ನೆ, ಖಾರ ಇರಲೇಬೇಕು ಬಿಡಿ. ಮೊದಲು ಲೆಕ್ಕ ನೋಡೋಣ. ಆ ವರ್ಷ ಆಡಿದ್ದು 10 ತಂಡ. ಒಂದೊಂದಕ್ಕೆ 18 ಮ್ಯಾಚ್. ಉಳಿದ ಒಂಬತ್ತು ತಂಡಗಳ ಜೊತೆ ತಮ್ಮೂರಲ್ಲಿ ಒಂದು, ಅವರೂರಲ್ಲಿ ಒಂದು. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಬೆಂಗಳೂರು 13 ಗೆದ್ದು, 1 ಡ್ರಾ ಮಾಡಿ 40 ಪಾಯಿಂಟ್ ಗಳಿಸಿತ್ತು. ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಗೆ 32. ಇಂಗ್ಲೆಂಡಿನಲ್ಲೋ ಸ್ಪೇನಿನಲ್ಲೋ ಆಗಿದ್ದರೆ ಅಲ್ಲಿಗೇ ಮುಗೀತು, ಕಪ್ ಬೆಂಗಳೂರಿನದು.

ಐಎಸ್‌ಎಲ್ ನಿಯಮ ಬೇರೆ. ಮೊದಲ ನಾಲ್ಕು ತಂಡ ಸೆಮಿಫೈನಲ್‌ಗೆ ಹೋಗುತ್ತಿದ್ದವು. ಅಲ್ಲಿಂದ ಮುಂದೆ, ಅದುವರೆಗೆ ಗಳಿಸಿದ ಪಾಯಿಂಟ್ ಯಾವ ಲೆಕ್ಕಕ್ಕೂ ಇಲ್ಲ. ಸೆಮಿಫೈನಲ್‌ನಲ್ಲಿ ಸುನಿಲ್ ಛೆಟ್ರಿ ಪುಣೆ ಮೇಲೆ ಮೂರು ಗೋಲು ಹೊಡೆದರು. 2018ರ ಮಾರ್ಚ್ 17ಕ್ಕೆ ಫೈನಲ್, ಅದೂ ಕಂಠೀರವದಲ್ಲೇ. 9ನೇ ನಿಮಿಷಕ್ಕೆ ಛೆಟ್ರಿ ಗೋಲು ಬಂದಾಗ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಪಟಾಕಿ ಹುಡುಕಲು ಓಡಿದ ಹುಡುಗರೂ ಇದ್ದರು. 17ನೇ ನಿಮಿಷ, ಚೆನ್ನೈಗೆ ಕಾರ್ನರ್, ಸ್ಟಾಪರ್ (ಗೋಲಿನ ಮುಂದೆ ನಿಂತು ತಡೆಯುವ ಆಟಗಾರ) ಮೈಲ್ಸನ್ ಆಲ್ವೆಸ್ ಹೆಡರ್, ಗೋಲು. 45ನೇ ನಿಮಿಷ, ಮತ್ತೆ ಕಾರ್ನರ್, ಮತ್ತೆ ಹೆಡರ್, ಮತ್ತೆ ಅದೇ ಮನುಷ್ಯ! ಆಮೇಲೆ ರಫೆಲ್ ಅಗಸ್ಟೊ ಮೂರನೆಯದು ಹೊಡೆದರು. ಕೊನೇ ಗಳಿಗೆಯಲ್ಲಿ ಬೆಂಗಳೂರಿನ ಮಿಕು ಒಂದು ವಾಪಸ್ ಕೊಟ್ಟರು. 3-2, ಚೆನ್ನೈ ಚಾಂಪಿಯನ್.

ಅನ್ಯಾಯ ಅಂತ ನಾನು ಹೇಳಲಾರೆ. ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೆ ಆ ವರ್ಷದ ಒಳ್ಳೇ ತಂಡ ಯಾವುದು ಅಂದರೆ ಬೆಂಗಳೂರು ಅಂತಲೇ ಹೇಳುತ್ತೇನೆ. 18 ಮ್ಯಾಚ್‌ನಲ್ಲಿ ಅದೃಷ್ಟ ಒಂದೆರಡು ಸಲ ಕೈ ಹಿಡಿಯಬಹುದು, ಹದಿಮೂರು ಸಲ ಹಿಡಿಯಲ್ಲ. ಇದು ಸಂಘಟಕರಿಗೂ ಅನಿಸಿರಬೇಕು. 2019-20ರಿಂದ ಪಟ್ಟಿಯಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡಲು ಶುರು ಮಾಡಿದರು.

ಅಂದಹಾಗೆ, ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಬೆಂಗಳೂರು ಗೋವಾವನ್ನು 1-0ಯಿಂದ ಸೋಲಿಸಿ ಕಪ್ ತಂದಿತು. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಗೋಲು. ಅದೂ ಕಾರ್ನರ್, ಅದೂ ಬ್ಯಾಕ್ ಆಡುವವನ ಹೆಡರ್.

ಪ್ರಶ್ನೆ: ಸರ್, ಲೀಗ್‌ಗೆ ಫೈನಲ್ ಇರಲ್ಲ ಅಂತ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ನಮ್ಮ ಕಾಕಾ 2015ರಲ್ಲಿ ಐ-ಲೀಗ್ ಫೈನಲ್ ಅನ್ನು ಕಂಠೀರವದಲ್ಲಿ ಕೂತು ನೋಡಿದೆ ಅಂತಾರೆ. ಯಾರ ಮಾತು ನಂಬಲಿ?
(ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಕಾಕಾನ ಜೊತೆ ಜಗಳ ಆಡಬೇಡಮ್ಮ. ಐ-ಲೀಗ್‌ಗೆ, ಅಂದರೆ ಆಗಿನ ದೇಶದ ಅಧಿಕೃತ ಲೀಗ್‌ಗೆ, ಫೈನಲ್ ಅಂತ ಇರಲಿಲ್ಲ, ಪಟ್ಟಿಯೇ ಕೊನೆ ಮಾತು. ಆದರೆ 2014-15ರಲ್ಲಿ ಕಟ್ಟಕಡೆಯ ಮ್ಯಾಚ್ ಮೊದಲೆರಡು ತಂಡಗಳ ನಡುವೆಯೇ ಬಂತು. 2015ರ ಮೇ 31, ಬೆಂಗಳೂರು ಮತ್ತು ಕೋಲ್ಕತ್ತದ ಮೋಹನ್ ಬಾಗಾನ್. ಬಾಗಾನ್ ಬಳಿ 38 ಪಾಯಿಂಟ್, ಬೆಂಗಳೂರಿನ ಬಳಿ 36. ಗೆದ್ದರೆ ಬೆಂಗಳೂರಿಗೆ 39, ಕಪ್ ಅವರದು. ಬಾಗಾನ್‌ಗೆ ಡ್ರಾ ಸಾಕು. ಫೈನಲ್ ಅನ್ನೋಕೆ ಇನ್ನೇನು ಬೇಕು, ಅಲ್ವಾ?

41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು, ಬೆಂಗಳೂರು ಮುಂದೆ. 86 ನಿಮಿಷದವರೆಗೂ ಕಪ್ ಇಲ್ಲೇ ಇತ್ತು. 87ಕ್ಕೆ ಸೋನಿ ನಾರ್ಡೆ ಕಾರ್ನರ್ ಹಾಕಿದರು, ಸ್ಟಾಪರ್ ಬೆಲ್ಲೊ ರಜಾಕ್ ಎಗರಿ ತಲೆ ಕೊಟ್ಟರು. 1-1. ಬಾಗಾನ್ 39, ಬೆಂಗಳೂರು 37. ಬಾಗಾನ್‌ಗೆ 2001-02ರ ನಂತರ ಸಿಕ್ಕ ಮೊದಲ ರಾಷ್ಟ್ರೀಯ ಲೀಗ್ ಅದು.

ಈಗ ಮೇಲಿನ ಬ್ಯಾಡಗಿಯವರ ಉತ್ತರವನ್ನೂ ಸೇರಿಸಿ ಓದು. ಕಂಠೀರವದಲ್ಲಿ ಎರಡು ಸಲ ಕೈಗೆ ಬಂದ ಕಪ್ ಜಾರಿದ್ದು ಎದುರಾಳಿಯ ಸ್ಟಾಪರ್ ಕಾರ್ನರ್‌ಗೆ ಮುಂದೆ ಬಂದಾಗ. ಜನ ಫಾರ್ವರ್ಡ್‌ಗಳ ಹೆಸರು ಬಾಯಿಪಾಠ ಮಾಡುತ್ತಾರೆ. ಹಿಂದಿನಿಂದ ಓಡಿ ಬರೋ ಆರಡಿ ಆಳನ್ನು ಯಾರು ಹಿಡಿಯಬೇಕು ಅಂತ ಯಾರೂ ಕೇಳಲ್ಲ. ನೆಹರು ಮೈದಾನದಲ್ಲಿ ಕಾರ್ನರ್ ಬಂದಾಗ ನಮ್ಮ ಹುಡುಗರಿಗೆ ನಾನು ಗಂಟಲು ಹರಿಯೋ ಹಾಗೆ ಕೂಗೋದು ಒಂದೇ: “ಬಾಲ್ ಏನ್ ನೋಡ್ತಿಯೋ, ಮನಷ್ಯಾನ್ನ ನೋಡೋ!”

ಪ್ರಶ್ನೆ: 2017-18ರಲ್ಲಿ ಐಎಸ್‌ಎಲ್ ಬೇರೆ, ಐ-ಲೀಗ್ ಬೇರೆ ನಡೆಯಿತು. ಹಾಗಾದರೆ ದೇಶದ ಚಾಂಪಿಯನ್ ಯಾರು?
(ಒಬ್ಬ ಓದುಗ, ಬೆಟಗೇರಿ)

ಉತ್ತರ: ಹಾಕಿ ಆಟಕ್ಕೆ ಹೆಸರಾದ ಬೆಟಗೇರಿಯಿಂದ ಫುಟ್‌ಬಾಲ್ ಪ್ರಶ್ನೆ! ಐ-ಲೀಗ್ ಗೆದ್ದಿದ್ದು ಮಿನರ್ವ ಪಂಜಾಬ್. ಆ ವರ್ಷವಷ್ಟೇ ಕೆಳಗಿನ ದರ್ಜೆಯಿಂದ ಮೇಲೆ ಬಂದ ಮಣಿಪುರದ ನೆರೋಕಾ ಎರಡನೆಯದು. ಕಾಗದದ ಪ್ರಕಾರ ಮಿನರ್ವ, ಟಿವಿ ಪ್ರಕಾರ ಚೆನ್ನೈ. ಒಂದು ದೇಶಕ್ಕೆ ಎರಡು ಲೀಗ್ ಇಟ್ಟುಕೊಂಡಿದ್ದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಹುಬ್ಬಳ್ಳಿಯ ತಂಡ ಐಎಸ್‌ಎಲ್‌ನಲ್ಲಿ ಆಡೋದು ಯಾವಾಗ? ನನ್ನ ಮಗ ಗೋಲಿ (ಗೋಲ್‌ಕೀಪರ್), ಒಂಬತ್ತನೇ ಕ್ಲಾಸು.
(ಒಬ್ಬ ತಾಯಿ, ಹಳೇ ಹುಬ್ಬಳ್ಳಿ)

ಉತ್ತರ: ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಹೋಗುವ ದಾರಿ ತಡವಾಗಿ ತೆರೆಯಿತು. ಹಾಗೆ 2023ರಲ್ಲಿ ಪಂಜಾಬ್ ಎಫ್‌ಸಿ ಹೋಯಿತು, 2024ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಹೋಯಿತು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ನೇರವಾಗಿ ಐ-ಲೀಗ್‌ಗೆ ಇಳಿದು ಮೊದಲ ವರ್ಷವೇ ಗೆದ್ದಿತು, ನಿಜ. ಅದರ ಹಿಂದೆ ದೊಡ್ಡ ಕಂಪನಿಯ ದುಡ್ಡಿತ್ತು. ನಮ್ಮಲ್ಲಿ ಹುಡುಗರಿದ್ದಾರೆ, ದುಡ್ಡಿಲ್ಲ. ಸದ್ಯಕ್ಕೆ ಆಸೆ ಇಟ್ಟುಕೊಳ್ಳಬೇಡಿ ತಾಯಿ.

ಆದರೆ ಮಗ ಗೋಲಿ ಅಂದಿರಲ್ಲ, ಅದು ಒಳ್ಳೇ ಸುದ್ದಿ. ನಮ್ಮಲ್ಲಿ ಗೋಲಿ ನಿಲ್ಲೋಕೆ ಒಬ್ಬನೂ ಒಪ್ಪಲ್ಲ, ಎಲ್ಲರಿಗೂ ಛೆಟ್ರಿ ಆಗಬೇಕು. ಭಾನುವಾರ ಬೆಳಿಗ್ಗೆ ನೆಹರು ಮೈದಾನಕ್ಕೆ ಕಳಿಸಿ. ಗ್ಲೌಸ್ ಇಲ್ಲದಿದ್ದರೂ ನಡೀತದೆ.