ಗಿಗಾಬಿಟ್ ಹಾಕಿಸಿದರೂ ಬ್ಯಾಕಪ್ ಯಾಕೆ ನಿಧಾನ?

ಪ್ರಶ್ನೆ: ನಮ್ಮ ಪತ್ತಿನ ಸಂಘದ ಲೆಕ್ಕದ ಡೇಟಾಬೇಸ್ ಸುಮಾರು 40 ಜಿಬಿ ಇದೆ. ಪ್ರತಿ ರಾತ್ರಿ ಪಕ್ಕದ ಕೋಣೆಯ ಸರ್ವರ್‌ಗೂ, 20 ಎಂಬಿಪಿಎಸ್ ಲೈನಿನಲ್ಲಿ ಮುಧೋಳದ ಶಾಖೆಗೂ ಜಿಜಿಪ್ ಮಾಡಿ (ಅಂದರೆ ಫೈಲಿನ ಗಾತ್ರ ಕುಗ್ಗಿಸುವ ಪ್ರೋಗ್ರಾಂ ಬಳಸಿ) ಕಳಿಸುತ್ತೇವೆ. ಹಳೆಯ 100 ಎಂಬಿಪಿಎಸ್ ಸ್ವಿಚ್ ತೆಗೆದು ಗಿಗಾಬಿಟ್ ಹಾಕಿಸಿದೆವು. ಆದರೂ ಪಕ್ಕದ ಕೋಣೆಗೆ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. ಯಾಕೆ?
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಸ್ವಿಚ್ ಸರಿಯಾಗೇ ಇದೆ. ಪಕ್ಕದ ಕೋಣೆಗೆ ಕಳಿಸುವಾಗ ಜಿಜಿಪ್ ತೆಗೆದುಬಿಡಿ.

ಗಿಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ 110 ಎಂಬಿ ಸಲೀಸಾಗಿ ಹೋಗುತ್ತದೆ. ಜಿಜಿಪ್ ದುಡಿಸಿಕೊಳ್ಳುವುದು ಪ್ರೊಸೆಸರಿನ ಒಂದೇ ಕೋರ್, ಅಂದರೆ ಒಂದೇ ಭಾಗ. ಹಳೆಯ ಸರ್ವರ್‌ನಲ್ಲಿ ಸೆಕೆಂಡಿಗೆ 40 ಎಂಬಿ ಮುಗಿಸಿದರೆ ಜಾಸ್ತಿ. ಆ 40 ಎಂಬಿ ಕುಗ್ಗಿ ಮೂರನೇ ಒಂದು ಭಾಗಕ್ಕೆ ಇಳಿದರೆ ಲೈನಿಗೆ ಬೀಳುವುದು ಬರೀ 13 ಎಂಬಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಸುಮಾರು 12 ಎಂಬಿ; ಅಷ್ಟಕ್ಕೆ ನಿಮ್ಮ ಹಳೆಯ ಸ್ವಿಚ್ಚೇ ಹೆಚ್ಚುಕಮ್ಮಿ ಸಾಕಾಗಿತ್ತು, ಅಲ್ವಾ? ಚೀಲ ತುಂಬುವವನು ಒಬ್ಬನೇ ಇದ್ದರೆ ದೊಡ್ಡ ಲಾರಿ ತಂದು ಏನು ಬಂತು! ಹಾಗೇ ಕಳಿಸಿದರೆ 6 ನಿಮಿಷದ ಕೆಲಸ ಈಗ 17 ನಿಮಿಷ ಎಳೆಯುತ್ತಿದೆ.

ಇವತ್ತು ರಾತ್ರಿ ಕಾಪಿ ನಡೆಯುವಾಗ ಟಾಪ್ ಕಮಾಂಡ್ ಹಾಕಿ ನೋಡಿ; ಯಾವ ಪ್ರೋಗ್ರಾಂ ಪ್ರೊಸೆಸರನ್ನು ಎಷ್ಟು ದುಡಿಸುತ್ತಿದೆ ಅಂತ ಅದು ತೋರಿಸುತ್ತದೆ. ಜಿಜಿಪ್ ಮುಂದೆ 100 ಪರ್ಸೆಂಟ್ ಆಸುಪಾಸು ಕಾಣುತ್ತದೆ, ನೆಟ್‌ವರ್ಕ್ ಗ್ರಾಫ್ ತಳದಲ್ಲೇ ಬಿದ್ದಿರುತ್ತದೆ. ಬೆಳಗಾವಿಯಲ್ಲಿ ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲೂ ಮೊದಲು ಕಣ್ಣು ಹಾಯಿಸುವುದು ಇಲ್ಲಿಗೇ.

ಮುಧೋಳದ ಲೈನಿಗೆ ಮಾತ್ರ ಜಿಜಿಪ್ ಇರಲೇಬೇಕು. 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎರಡೂವರೆ ಎಂಬಿ. ಸುಮ್ನೆ ಕಳಿಸಿದರೆ ನಾಲ್ಕೂವರೆ ಗಂಟೆ, ಜಿಜಿಪ್ ಮಾಡಿದರೆ ಒಂದೂವರೆ ಗಂಟೆ. ಅಲ್ಲಿ ಕಾಯುವುದು ಪ್ರೊಸೆಸರ್, ಅದಕ್ಕೆ ಕೆಲಸ ಕೊಟ್ಟರೆ ನಷ್ಟವಿಲ್ಲ.

ವೇಗದ ಲೈನಿಗೂ ಕಂಪ್ರೆಷನ್ ಬೇಕೇಬೇಕು ಅಂದರೆ ಎಲ್‌ಝಡ್4 ನೋಡಿ. ಜಿಜಿಪ್ 1992ರದ್ದು, ಇದು 2011ರದ್ದು. ಗಾತ್ರ ಅಷ್ಟಾಗಿ ಇಳಿಸುವುದಿಲ್ಲ, ಆದರೆ ಒಂದೇ ಕೋರಿನಲ್ಲಿ ಸೆಕೆಂಡಿಗೆ ನೂರಾರು ಎಂಬಿ ಮುಗಿಸುತ್ತದೆ. ಗಿಗಾಬಿಟ್ ಲೈನಿನಲ್ಲಿ ಇದರಿಂದ ನಿಜಕ್ಕೂ ಲಾಭ ಸಿಗಬಹುದು. ಒಂದು ಮಾತು: ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಅದು ಓದಿ ಕೊಡುವುದೇ ಸೆಕೆಂಡಿಗೆ 150 ಎಂಬಿ ಆಸುಪಾಸು. ಆಗ ಹೆಚ್ಚೇನೂ ಗಿಟ್ಟಲ್ಲ. ಎಸ್‌ಎಸ್‌ಡಿ ಇದ್ದರೆ ಖಂಡಿತ ಪ್ರಯತ್ನಿಸಿ.

ಪಾಸ್‌ಬುಕ್ ಸ್ಕ್ಯಾನ್‌ಗಳು ಜೆಪೆಗ್‌ನಲ್ಲಿದ್ದರೆ ಎಲ್ಲಿಗೇ ಹೋಗಲಿ, ಹಾಗೇ ಕಳಿಸಿ. ಅವು ಆಗಲೇ ಕುಗ್ಗಿರುತ್ತವೆ.

ಇನ್ನು, ಸದಸ್ಯರ ಖಾತೆ ವಿವರ ಊರು ದಾಟಿ ಹೋಗುತ್ತಿದೆ, ಎನ್‌ಕ್ರಿಪ್ಟ್ ಮಾಡದೆ (ಬೇರೆಯವರು ಓದಲಾಗದಂತೆ ಗುಪ್ತ ರೂಪಕ್ಕೆ ತಿರುಗಿಸದೆ) ಕಳಿಸಲೇಬೇಡಿ. ಮೊದಲು ಜಿಜಿಪ್, ಆಮೇಲೆ ಎನ್‌ಕ್ರಿಪ್ಷನ್. ಹಿಂದುಮುಂದಾದರೆ ಗಾತ್ರ ಒಂಚೂರೂ ಇಳಿಯುವುದಿಲ್ಲ, ಮುಧೋಳಕ್ಕೆ ಮತ್ತೆ ನಾಲ್ಕೂವರೆ ಗಂಟೆ.