‘ಅವರು ಕೈ ಎತ್ತಿಲ್ಲ, ಆದರೂ ಭಯ ಆಗುತ್ತೆ’

ಪ್ರಶ್ನೆ: ಮದುವೆಯಾಗಿ 11 ವರ್ಷ. ನಾನೂ ಕೆಲಸಕ್ಕೆ ಹೋಗುತ್ತೇನೆ. ಸಂಬಳ ನನ್ನ ಖಾತೆಗೇ ಬರುತ್ತದೆ, ಎಟಿಎಂ ಕಾರ್ಡ್ ಮಾತ್ರ ಅವರ ಹತ್ತಿರ. ರಾತ್ರಿ ನನ್ನ ಸ್ಕೂಟರಿನ ಮೀಟರ್ ನೋಡುತ್ತಾರೆ. ‘ಹನ್ನೊಂದು ಕಿಲೋಮೀಟರ್ ಆಗ್ಬೇಕಿತ್ತು, ಹದಿನಾಲ್ಕಾಗಿದೆ, ಎಲ್ಲಿಗೆ ಹೋಗಿದ್ದೆ?’ ಅಂತ ಮಕ್ಕಳ ಎದುರೇ ಕೇಳುತ್ತಾರೆ. ಅಮ್ಮನ ಫೋನ್ ಬಂದರೆ ಸ್ಪೀಕರ್‌ಗೆ ಹಾಕಬೇಕು. ತಿರುಗಿ ಮಾತಾಡಿದರೆ ‘ಮನೆ ನಮ್ಮಮ್ಮನ ಹೆಸರಲ್ಲಿದೆ, ಬಟ್ಟೆ ತಗೊಂಡು ಹೊರಡು’ ಎನ್ನುತ್ತಾರೆ. ಒಂದು ದಿನವೂ ಹೊಡೆದಿಲ್ಲ. ‘ಹೊಡೆಯಲ್ಲ, ಕುಡಿಯಲ್ಲ, ಇನ್ನೇನು ಬೇಕು ನಿಂಗೆ?’ ಅಂತ ಅಕ್ಕ ಕೇಳುತ್ತಾಳೆ. ಇದು ದೌರ್ಜನ್ಯವೇ? ನನಗೆ ಡೈವೋರ್ಸ್ ಬೇಡ. ಅವರನ್ನು ಜೈಲಿಗೆ ಹಾಕಿಸುವುದೂ ಬೇಡ.

ಉತ್ತರ: ಹೌದು, ದೌರ್ಜನ್ಯವೇ.

ನಿಮ್ಮ ಪತ್ರದಲ್ಲಿ ಸ್ಕೂಟರ್ ಮೀಟರಿನ ಸಾಲನ್ನು ಎರಡು ಸಲ ಓದಿದೆ. ಆ ಮೂರು ಕಿಲೋಮೀಟರಿಗೆ ನೀವು ಏನು ಲೆಕ್ಕ ಕೊಡುತ್ತೀರಿ? ರಸ್ತೆ ಅಗೆದಿದ್ದರು, ಸುತ್ತಿಕೊಂಡು ಬಂದೆ ಅಂತಲೇ? ಗಾಡಿ ನಿಲ್ಲಿಸುವ ಮೊದಲೇ ಉತ್ತರ ಜೋಡಿಸಿಟ್ಟುಕೊಂಡಿರುತ್ತೀರಿ, ಅಲ್ವಾ? ಜಗಳ ಎಲ್ಲರ ಮನೆಯಲ್ಲೂ ಇರುತ್ತದೆ. ಅಲ್ಲಿ ಇಬ್ಬರೂ ಕೂಗುತ್ತಾರೆ, ಇಬ್ಬರೂ ಮುನಿಸಿಕೊಳ್ಳುತ್ತಾರೆ, ಮಾರನೇ ದಿನ ಯಾರಾದರೊಬ್ಬರು ಕಾಫಿ ತಂದಿಡುತ್ತಾರೆ. ನಿಮ್ಮ ಮನೆಯಲ್ಲಿ ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ದಿನವಿಡೀ ಉತ್ತರಕ್ಕೆ ತಯಾರಾಗುತ್ತಾರೆ. ನಾನು ನನ್ನ ಕಕ್ಷಿದಾರರಿಗೆ ಮೊದಲು ಕೇಳುವುದು ‘ಹೊಡೆದರಾ?’ ಅಂತಲ್ಲ. ‘ಅವರ ಗಾಡಿ ಸದ್ದು ಕೇಳಿದಾಗ ನಿಮಗೇನಾಗುತ್ತೆ?’ ಅಂತ. ಎಷ್ಟೋ ಜನ ಉತ್ತರ ಹೇಳುವ ಮೊದಲೇ ಅಳುತ್ತಾರೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ ಆಗಿದ್ದು 2005ರಲ್ಲಿ, ಜಾರಿಗೆ ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ಕೋರ್ಟಿನ ಆವರಣದಲ್ಲಿ ಎಲ್ಲರೂ ‘ಡಿವಿ ಆಕ್ಟ್’ ಅಂತಲೇ ಕರೆಯುತ್ತಾರೆ. ಅದರ 3ನೇ ಕಲಮಿನಲ್ಲಿ ದೈಹಿಕ ಮತ್ತು ಲೈಂಗಿಕ ದೌರ್ಜನ್ಯದ ಜೊತೆಗೆ ಮಾತಿನ, ಮಾನಸಿಕ ಮತ್ತು ಹಣಕಾಸಿನ ದೌರ್ಜನ್ಯವೂ ಇದೆ. ನಿಮ್ಮ ದುಡಿಮೆಯ ಹಣ ನಿಮ್ಮ ಕೈಗೆ ಸಿಗದಂತೆ ಮಾಡುವುದು, ಅವಮಾನ ಮಾಡುವುದು, ಮನೆಯಿಂದ ಹಾಕುತ್ತೇನೆ ಅಂತ ಹೆದರಿಸುವುದು, ಎಲ್ಲ ಅದರೊಳಗೇ ಬರುತ್ತವೆ. ನಿಮ್ಮ ಅಕ್ಕನಿಗೆ ಇದನ್ನು ಓದಿಸಿ.

ಇನ್ನು ಮನೆ. ‘ನಮ್ಮಮ್ಮನ ಹೆಸರಲ್ಲಿದೆ’ ಎಂಬ ಮಾತಿಗೆ ಹೆದರಿ ಹೊರಬಿದ್ದವರು ಬಹಳ. ಕಾಯ್ದೆಯ 17ನೇ ಕಲಮು, ಸಂಸಾರ ಮಾಡಿಕೊಂಡಿದ್ದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಡುತ್ತದೆ. ಮನೆ ಯಾರ ಹೆಸರಲ್ಲಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಅತ್ತೆ ಮಾವನ ಹೆಸರಿನ ಮನೆಗೂ ಇದು ಅನ್ವಯಿಸಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹಾಗಂತ ಮನೆ ನಿಮ್ಮದಾಗುವುದಿಲ್ಲ. ವಯಸ್ಸಾದ ಅತ್ತೆಯ ಹಕ್ಕನ್ನೂ ಕೋರ್ಟ್ ನೋಡುತ್ತದೆ. ಅದೇ ಮನೆ ಬೇಡ ಎನಿಸಿದರೆ, ಅದೇ ಮಟ್ಟದ ಬೇರೆ ಮನೆ ಕೊಡಿಸು ಅಥವಾ ಬಾಡಿಗೆ ಕಟ್ಟು ಅಂತ ಗಂಡನಿಗೆ ಆದೇಶಿಸಬಹುದು. ರಾತ್ರೋರಾತ್ರಿ ಬಟ್ಟೆ ಗಂಟು ಹೊರಗಿಡುವ ಹಾಗೆ ಮಾತ್ರ ಇಲ್ಲ.

ಜೈಲಿನ ಭಯವೂ ಬೇಡ. ಡಿವಿ ಅರ್ಜಿ ಹಾಕಿದ ತಕ್ಷಣ ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ. ಮ್ಯಾಜಿಸ್ಟ್ರೇಟರು ‘ಹೀಗೆ ಮಾಡಬೇಡ’ ಅಂತ ರಕ್ಷಣಾ ಆದೇಶ ಕೊಡುತ್ತಾರೆ. ಅದನ್ನು ಮೀರಿದರೆ ಅದು ಅಪರಾಧ. ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಡೈವೋರ್ಸ್ ಕೇಳದೆಯೇ ಇದನ್ನು ಕೇಳಬಹುದು. ಜನ ‘498ಎ’ ಎನ್ನುವುದು ಬೇರೆ. ಅದು ಗಂಡ ಅಥವಾ ಅವನ ಮನೆಯವರ ಕ್ರೌರ್ಯಕ್ಕೆ ಹಾಕುವ ಪೊಲೀಸ್ ಕೇಸ್, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಅದು ಬೇಕೋ ಬೇಡವೋ, ತೀರ್ಮಾನ ನಿಮ್ಮದು.

ಹೋಗುವುದೆಲ್ಲಿಗೆ? ಕರ್ನಾಟಕದಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿಯೇ, ಈ ಕಾಯ್ದೆಯ ಸಂರಕ್ಷಣಾಧಿಕಾರಿ. ನೀವು ಹೇಳಿದ್ದನ್ನು ಅವರು ನಿಗದಿತ ನಮೂನೆಯಲ್ಲಿ ಬರೆದು ಕೋರ್ಟಿಗೆ ಕಳಿಸಬೇಕು. ಅವರು ಸಿಗಲಿಲ್ಲ, ನಾಳೆ ಬಾ ಅಂದರು ಅಂತ ಕೂರಬೇಡಿ. ಅವರ ವರದಿ ಇಲ್ಲದೆಯೂ ಆದೇಶ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ವಕೀಲರ ಫೀಸಿನ ಚಿಂತೆಯಿದ್ದರೆ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಅವರ ಸಹಾಯವಾಣಿ 15100. ತವರಿಗೆ ಹೋಗಿದ್ದರೆ ತವರಿನ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನಿಜ ಹೇಳಬೇಕೆಂದರೆ ಅಷ್ಟರಲ್ಲಿ ಮುಗಿದಿದ್ದನ್ನು ನಾನು ನೋಡಿದ್ದು ಕಡಿಮೆ. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ, ಅಂದರೆ ಅರ್ಜಿ ಮುಗಿಯುವವರೆಗಿನ ತಾತ್ಕಾಲಿಕ ಆದೇಶ, ಕೇಳಿ. ವಕೀಲರು ಮರೆತರೆ ನೀವೇ ನೆನಪಿಸಿ. ಮದುವೆಯಲ್ಲಿ ತವರಿಂದ ಬಂದ ಒಡವೆ ಅವರ ಹತ್ತಿರ ಇದ್ದರೆ ಅದನ್ನೂ ಅದೇ ಅರ್ಜಿಯಲ್ಲಿ ವಾಪಸ್ ಕೇಳಬಹುದು.

ಈಗ ಒಂದು ಎಚ್ಚರಿಕೆ. ಇಂಥ ಗಂಡಂದಿರು ಹಿಡಿತ ತಪ್ಪುತ್ತಿದೆ ಎನಿಸಿದಾಗಲೇ ಜಾಸ್ತಿ ಅಪಾಯಕಾರಿ. ಇಷ್ಟು ವರ್ಷ ಹೊಡೆಯದವರು ಆಗ ಹೊಡೆಯಬಹುದು. ಹಾಗಾಗಿ ಇವತ್ತೇ ಕಾರ್ಡ್ ಕಸಿದುಕೊಳ್ಳಬೇಡಿ, ‘ಕೇಸ್ ಹಾಕ್ತೀನಿ’ ಅಂತ ಬಾಯಿ ಬಿಡಬೇಡಿ. ನಿಮ್ಮ ಫೋನ್ ಅವರು ನೋಡುತ್ತಿರಬಹುದು, ಆದ್ದರಿಂದ 181 ಮಹಿಳಾ ಸಹಾಯವಾಣಿಗೆ ಸಹೋದ್ಯೋಗಿಯ ಫೋನಿನಿಂದ ಮಾತಾಡಿ. ಏನು ನಡೆಯಿತು, ಯಾವ ತಾರೀಖು, ಮಕ್ಕಳು ಇದ್ದರಾ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಆಫೀಸಿನ ಡ್ರಾಯರಿನಲ್ಲಿಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರದ ಜೆರಾಕ್ಸ್ ಕೂಡ ಮನೆಯ ಹೊರಗೇ ಇರಲಿ. ಬೇರೆ ಬ್ಯಾಂಕಿನಲ್ಲಿ ನಿಮ್ಮೊಬ್ಬರ ಹೆಸರಲ್ಲಿ ಖಾತೆ ತೆರೆಯಿರಿ. ಸಂಬಳವನ್ನು ಅಲ್ಲಿಗೆ ಯಾವಾಗ ತಿರುಗಿಸಬೇಕು ಎಂಬುದನ್ನು ವಕೀಲರ ಜೊತೆ ಕೂತು ನಿರ್ಧರಿಸಿ.

ಪ್ರಶ್ನೆ: ನನ್ನ ಹೆಂಡತಿಯೇ ನನಗೆ ಹೊಡೆಯುತ್ತಾಳೆ. ಹೇಳಿದರೆ ನಗುತ್ತಾರೆ. ಈ ಕಾಯ್ದೆ ನನಗೂ ಇದೆಯೇ?

ಉತ್ತರ: ಇಲ್ಲ. ಡಿವಿ ಕಾಯ್ದೆಯಲ್ಲಿ ಅರ್ಜಿ ಹಾಕಬಹುದಾದವರು ಹೆಂಗಸರು ಮಾತ್ರ. ಆದರೆ ಹೊಡೆತ ಯಾರಿಗೆ ಬಿದ್ದರೂ ಅಪರಾಧವೇ. ಪೊಲೀಸ್ ದೂರು ಕೊಡಬಹುದು, ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಹೇಗಾಯಿತು ಅಂತ ಬರೆಸಿ. ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಗಂಡನೂ ಕೇಳಬಹುದು. ನಗುವವರ ಹತ್ತಿರ ಹೇಳಬೇಡಿ, ವಕೀಲರ ಹತ್ತಿರ ಹೇಳಿ.

ಪ್ರಶ್ನೆ: ಪಕ್ಕದ ಮನೆಯಲ್ಲಿ ವಾರಕ್ಕೆರಡು ರಾತ್ರಿ ಕಿರುಚಾಟ. ಮೊನ್ನೆ ಆಕೆಯ ಕತ್ತಿನ ಮೇಲೆ ಕೆಂಪಗೆ ಬೆರಳಿನ ಗುರುತಿತ್ತು. ನಾನು ಮಧ್ಯೆ ಹೋದರೆ ನನ್ನ ಮೇಲೇ ಕೇಸ್ ಆಗುತ್ತದಾ?

ಉತ್ತರ: ಆಗುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಅಂತ ಕಾಯ್ದೆಯ 4ನೇ ಕಲಮಿನಲ್ಲೇ ಇದೆ. ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ತಿಳಿಸಬಹುದು.

ಕತ್ತಿನ ಗುರುತು ಓದಿ ನನಗೆ ಗಾಬರಿಯಾಯಿತು. ಕತ್ತು ಹಿಸುಕುವುದು ಕೆನ್ನೆಗೆ ಹೊಡೆದ ಹಾಗಲ್ಲ. ಹೊರಗೆ ಏನೂ ಕಾಣದಿದ್ದರೂ ಒಳಗೆ ಊತ ಬಂದು ಆಮೇಲೆ ಉಸಿರಿಗೆ ತೊಂದರೆಯಾಗಬಹುದು. ಒಮ್ಮೆ ಕತ್ತಿಗೆ ಕೈ ಹಾಕಿದವನು ಮುಂದೆ ಕೊಲ್ಲುವವರೆಗೂ ಹೋಗಬಹುದು. ಆಕೆ ಒಬ್ಬರೇ ಸಿಕ್ಕಾಗ, ಗಂಡನಿಲ್ಲದ ಹೊತ್ತಿನಲ್ಲಿ, ‘ಆಸ್ಪತ್ರೆಗೆ ಹೋಗೋಣ, ನಾನು ಬರ್ತೀನಿ’ ಅನ್ನಿ. ಜಿಲ್ಲಾ ಕೇಂದ್ರಗಳಲ್ಲಿ ‘ಸಖಿ’ ಕೇಂದ್ರಗಳಿವೆ. ಚಿಕಿತ್ಸೆ, ಪೊಲೀಸ್, ವಕೀಲರ ನೆರವು, ಕೆಲವು ದಿನ ಉಳಿಯಲು ಜಾಗ, ಎಲ್ಲಕ್ಕೂ ಅಲ್ಲಿಂದಲೇ ದಾರಿ ಮಾಡಿಕೊಡುತ್ತಾರೆ. ‘ಯಾಕೆ ಇನ್ನೂ ಸಹಿಸ್ಕೊಂಡಿದ್ದೀಯಾ’ ಅಂತ ಮಾತ್ರ ಕೇಳಬೇಡಿ. ಇವತ್ತು ‘ಬೇಡ’ ಅಂದರೂ ಬೇಸರ ಮಾಡಿಕೊಳ್ಳದೆ ಇನ್ನೊಂದು ವಾರ ಬಿಟ್ಟು ಮತ್ತೆ ಕೇಳಿ.

ಮುಂದಿನ ಸಲ ಕಿರುಚಾಟ ಕೇಳಿದರೆ ಜಗಳದ ಮಧ್ಯೆ ನುಗ್ಗಬೇಡಿ. 112ಕ್ಕೆ ಫೋನ್ ಮಾಡಿ. ಕಥೆ ಆಮೇಲೆ, ಮೊದಲು ವಿಳಾಸ ಹೇಳಿ.