ಫ್ಯಾಟ್ ಬರಲಿ ಅಂತ ಹಸುವಿಗೆ ಎಣ್ಣೆ ಕುಡಿಸಬೇಡಿ

ಅಣ್ಣ, ಕರು ಹಾಕಿ 20 ದಿನದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು, ಡೈರಿಯಲ್ಲಿ ಫ್ಯಾಟ್, ಅಂದರೆ ಹಾಲಿನ ಕೊಬ್ಬಿನಂಶ, ಶೇಕಡ 3.0 ಬರ್ತಿದೆ, ಅದಕ್ಕೆ ದಿನಾ ಕಾಲು ಲೀಟರ್ ಕಡಲೆಕಾಯಿ ಎಣ್ಣೆ ಕುಡಿಸಿ ಬೈಪಾಸ್ ಫ್ಯಾಟೂ ಹಾಕ್ತಿದ್ದೀನಿ ಅಂತ ಬರೆದಿದ್ದೀರಿ. ಓದಿ ಸುಮ್ಮನಿರಲು ಆಗಲಿಲ್ಲ. ಎಣ್ಣೆಯನ್ನು ಇವತ್ತೇ ನಿಲ್ಲಿಸಿ.

ನಾನೂ ಇದನ್ನೇ ಎರಡು ತಿಂಗಳು ಮಾಡಿದ್ದೆ. ಹಸು 18 ಲೀಟರ್ ಕೊಡುತ್ತಿತ್ತು, ಫ್ಯಾಟ್ 3.8. ಹಾಲು ಇನ್ನೂ ಏರಲಿ ಅಂತ ಜೋಳದ ನುಚ್ಚು ಎರಡು ಕೆಜಿ ಜಾಸ್ತಿ ಮಾಡಿದೆ, ರಾಗಿ ಹುಲ್ಲು ಕಡಿಮೆ ಮಾಡಿದೆ. ಫ್ಯಾಟ್ 3.2ಕ್ಕೆ ಇಳಿಯಿತು. ಎಣ್ಣೆ ಕುಡಿಸಿದೆ, 2.9 ಆಯಿತು. ಸಗಣಿ ನೀರು ನೀರು, ಹುಳಿ ವಾಸನೆ, ಅದರಲ್ಲಿ ನುಚ್ಚು ಹಾಗೇ ಬೀಳುತ್ತಿತ್ತು. ಮಲಗಿದರೂ ಮೆಲುಕು ಹಾಕುತ್ತಿರಲಿಲ್ಲ. ಆಮೇಲೆ ಹಿಂಗಾಲು ಕುಂಟಲು ಶುರು. ಅಷ್ಟರ ಮೇಲೆ ಡಾಕ್ಟರನ್ನು ಕರೆದೆ, ಮೊದಲೇ ಕರೆಯಬೇಕಿತ್ತು.

ಹಾಲಿನ ಕೊಬ್ಬಿನಲ್ಲಿ ಸುಮಾರು ಅರ್ಧ ಕೆಚ್ಚಲಲ್ಲೇ ತಯಾರಾಗುತ್ತದೆ, ಹುಲ್ಲಿನ ನಾರು ದೊಡ್ಡ ಹೊಟ್ಟೆಯಲ್ಲಿ (ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದು) ಕೊಳೆತು ಬರುವ ಆಮ್ಲದಿಂದ. ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೆ ಹಸಿ ಎಣ್ಣೆ ವಿಷ ಇದ್ದಂತೆ. ಅದು ನಾರಿಗೂ ಮೆತ್ತಿಕೊಳ್ಳುತ್ತದೆ. ದೊಡ್ಡ ಹೊಟ್ಟೆಯಲ್ಲಿ ಪಿತ್ತರಸ ಇಲ್ಲ ಅಲ್ವಾ, ಎಣ್ಣೆಯನ್ನು ಒಡೆದು ನೀರಲ್ಲಿ ಬೆರೆಸುವವರು ಅಲ್ಲಿ ಯಾರೂ ಇಲ್ಲ. ಆ ಕೆಲಸ ಆಗುವುದು ನಾಲ್ಕು ಹೊಟ್ಟೆ ದಾಟಿ ಸಣ್ಣ ಕರುಳಿಗೆ ಬಂದ ಮೇಲೆ. ಪಿತ್ತವೂ ಮೇದೋಜೀರಕದ ರಸವೂ ಸೇರಿ ಕೊಬ್ಬನ್ನು ಸಣ್ಣ ಸಣ್ಣ ಕಣ ಮಾಡಿದರೇನೇ ಕರುಳು ಹೀರುವುದು.

ಬೈಪಾಸ್ ಫ್ಯಾಟ್ ಇರುವುದೇ ಅದಕ್ಕೆ. ಕ್ಯಾಲ್ಸಿಯಂ ಜೊತೆ ಕಟ್ಟಿದ ಕೊಬ್ಬು ಅದು, ದೊಡ್ಡ ಹೊಟ್ಟೆಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 6ರ ಮೇಲಿದ್ದರೆ ಒಡೆಯದೆ ದಾಟುತ್ತದೆ, ನಾಲ್ಕನೇ ಹೊಟ್ಟೆಯ ಗಟ್ಟಿ ಹುಳಿಯಲ್ಲಿ ಬಿಡಿಸಿಕೊಂಡು ಪಿತ್ತದ ಕೈಗೆ ಸಿಗುತ್ತದೆ. ನುಚ್ಚು ತಿಂದು ದೊಡ್ಡ ಹೊಟ್ಟೆಯೇ 5.5ಕ್ಕೆ ಹುಳಿಯಾಗಿದ್ದರೆ ಅಲ್ಲೇ ಒಡೆಯಲು ಶುರು. ಆಗ ನೀವು ದುಬಾರಿ ದುಡ್ಡು ಕೊಟ್ಟು ಮತ್ತೆ ಎಣ್ಣೆಯನ್ನೇ ಹಾಕಿದಂತೆ. ಮೊದಲು ಹುಳಿ ಇಳಿಸಿ, ಆಮೇಲೆ ದಿನಕ್ಕೆ 100ರಿಂದ 200 ಗ್ರಾಂ ಸಾಕು. ಚೀಲದ ಮೇಲೆ ಕ್ಯಾಲ್ಸಿಯಂ ಸಾಲ್ಟ್ ಅಂತ ಬರೆದಿದೆಯಾ ನೋಡಿ, ಲೇಬಲ್ಲೇ ಇಲ್ಲದ ಬಿಡಿ ಪುಡಿ ತರಲೇಬೇಡಿ. ಹಿಂಡಿ ಮತ್ತು ಖನಿಜ ಮಿಶ್ರಣಕ್ಕೆ ನನಗೆ ನಂದಿನಿ ಸಾಕಾಗಿದೆ, ಟಾನಿಕ್ ಬಾಟಲಿಗಳಿಗೆ ಈಗ ಒಂದು ರೂಪಾಯಿ ಹಾಕುವುದಿಲ್ಲ.

ಹುಳಿ ಇಳಿಸುವ ಕ್ಷಾರ ಹಸುವಿನ ಜೊಲ್ಲಿನಲ್ಲೇ ಇದೆ. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಮೇಲೆ ಜೊಲ್ಲು ಸುರಿಸುತ್ತದೆ, ಆದರೆ ಅಗಿದರೆ ಮಾತ್ರ. ರಾಗಿ ಹುಲ್ಲನ್ನು ಪುಡಿಪುಡಿ ಕತ್ತರಿಸಬೇಡಿ, ಎರಡು ಇಂಚಾದರೂ ಇರಲಿ. ಬೆಳಿಗ್ಗೆ ಮೊದಲು ಒಣಹುಲ್ಲು, ಆಮೇಲೆ ಹಿಂಡಿ. ನುಚ್ಚನ್ನು ಒಂದೇ ಸಲ ಸುರಿಯದೆ ಮೂರು ನಾಲ್ಕು ಸಲ ಹಂಚಿ. ನನ್ನ ಹಸು ಇಷ್ಟರಲ್ಲೇ ಮೂರು ವಾರಕ್ಕೆ 3.6ಕ್ಕೆ ಬಂತು. ಅಡುಗೆ ಸೋಡಾ 100 ಗ್ರಾಂ ಹಿಂಡಿಯಲ್ಲಿ ಬೆರೆಸಿದ್ದೂ ನೆರವಾಯಿತು. ಆದರೆ ಹುಲ್ಲಿಲ್ಲದೆ ಸೋಡಾ ಒಂದನ್ನೇ ನಂಬಬೇಡಿ. ಬಟ್ಟೆ ಸೋಡಾ ಬೇರೆ, ಅಪ್ಪಿತಪ್ಪಿಯೂ ಹಾಕಬೇಡಿ. ತುಂಬು ಗಬ್ಬದ ಹಸುವಿಗೆ ಕೊನೆಯ ಮೂರು ವಾರ ಅಡುಗೆ ಸೋಡಾನೂ ಬೇಡ, ಕರು ಹಾಕಿದ ಮೇಲೆ ಹಾಲು ಜ್ವರ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಹಸು ನೆಲ ಹಿಡಿಯುವ ಕಾಯಿಲೆ) ಬರುವ ಭಯ ಇರುತ್ತದೆ.

ಹೊಟ್ಟೆ ಉಬ್ಬರಕ್ಕೆ ಎಣ್ಣೆ ಕೊಡುತ್ತಾರಲ್ಲ ಅಂತ ಕೇಳುತ್ತೀರಿ. ಅದು ನೊರೆ ಒಡೆಯಲು ಒಂದು ಸಲ ಕೊಡುವ ಔಷಧಿ, ದಿನಾ ಕೊಡುವ ಮೇವಲ್ಲ. ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ಕೊಳವೆ) ತಲೆ ಎತ್ತಿ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಹಸುವೇ ಹೋಗಬಹುದು, ಹುಷಾರು.

ಇನ್ನೊಂದು, ನೀವು ಕೆರೆ ಬಯಲಲ್ಲಿ ಮೇಯಿಸುತ್ತೀರಾ? ಬಸವನಹುಳು ಇರುವ ಜವುಗಿನ ಹುಲ್ಲಿನಿಂದ ಲಿವರ್ ಹುಳು ಹೊಟ್ಟೆ ಸೇರಿ ಪಿತ್ತನಾಳದಲ್ಲೇ ಮನೆ ಮಾಡುತ್ತದೆ. ಹಸು ಸೊರಗುತ್ತದೆ, ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬುತ್ತದೆ. ಮಾಮೂಲಿ ಜಂತಿನ ಔಷಧಿಯೆಲ್ಲ ಅದಕ್ಕೆ ನಾಟುವುದಿಲ್ಲ. ಸಗಣಿ ಪರೀಕ್ಷೆ ಮಾಡಿಸಿ, ಗಬ್ಬ ಇದ್ದರೆ ಡಾಕ್ಟರಿಗೆ ಹೇಳಿಯೇ ಔಷಧಿ ತೆಗೆದುಕೊಳ್ಳಿ.

ಇವತ್ತು ಮಧ್ಯಾಹ್ನ ನಿಮ್ಮ ಹಸು ಮಲಗಿದಾಗ ಪಕ್ಕ ಕೂತು ಒಂದು ಉಂಡೆ ಮೆಲುಕಿಗೆ ಎಷ್ಟು ಸಲ ಅಗಿಯುತ್ತದೆ ಎಣಿಸಿ. 50ಕ್ಕಿಂತ ಕಡಿಮೆ ಇದ್ದರೆ ನಾರು ಸಾಲುತ್ತಿಲ್ಲ ಅಂತ ಅನುಮಾನ, ಇಲ್ಲಿ ಬರೆಯಿರಿ, ನುಚ್ಚು ಎಷ್ಟು ಹಾಕ್ತಿದ್ದೀರಿ ಅಂತನೂ ಹೇಳಿ.